ಟಿಕೀಟಿಲ್ಲದ ಲಕೋಟೆ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರ ನಿಮ್ಮ ಮಕ್ಕಳ ಪುಟದಲ್ಲಿ ಅಂಚೆಚೀಟಿ ಸಂಗ್ರಹಿಸುವುದು ಹೇಗೆ ಎಂಬ ಬರಹ ಬಂದಿತ್ತು. ಹಳೆಯ ಲಕೋಟೆಗಳ ಮೂಲೆಯನ್ನು ಕತ್ತರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ಚೀಟಿ ತಾನಾಗಿ ಬಿಟ್ಟುಕೊಂಡ ಮೇಲೆ ಹಳೇ ಪೇಪರಿನ ನಡುವೆ ಇಟ್ಟು ಒಣಗಿಸಿ ಎಂಬ ಸಲಹೆ. ಪಕ್ಕದಲ್ಲಿ ಚಿತ್ರವೂ ಇತ್ತು: ಕತ್ತರಿ, ಬಟ್ಟಲು, ನಗುವ ಹುಡುಗ. 1971ರಲ್ಲಿ ವಿಜಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಹಾಗೆಯೇ ಕತ್ತರಿ ಹಿಡಿದು, ಹಾಗೆಯೇ ನಗುತ್ತ ಕೂತವನು ನಾನು. ಆಗ ನನಗೆ ಹನ್ನೊಂದು ವರ್ಷ. ಆ ಕತ್ತರಿಯ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲವಾದ್ದರಿಂದ ಈ ಪತ್ರ. ಉದ್ದವಾಯಿತು ಅನ್ನಿಸಿದರೆ ನಿಮ್ಮ ಕತ್ತರಿಯನ್ನು ಇದರ ಮೇಲೆ ಧಾರಾಳವಾಗಿ ಆಡಿಸಿ, ನನ್ನ ತಕರಾರಿಲ್ಲ.

ನನ್ನ ಸೋದರಮಾವ ನೌಕಾದಳದಲ್ಲಿದ್ದರು. ಐಎನ್‌ಎಸ್ ರಜಪೂತ ಎಂಬ ಹಡಗಿನ ಬಾಯ್ಲರ್ ಕೋಣೆಯಲ್ಲಿ ಕೆಲಸ. ಸಮುದ್ರವನ್ನೇ ನೋಡದ ಊರು ನಮ್ಮದು. ಮಾವ ಸೂಟಿಗೆ ಬಂದಾಗ ಓಣಿಯ ಹುಡುಗರೆಲ್ಲ ಸುತ್ತ ಕೂತು, ಹಡಗು ಎಷ್ಟು ದೊಡ್ಡದು ಎಂದು ಕೇಳುತ್ತಿದ್ದೆವು. "ಗೋಳಗುಮ್ಮಟದೊಳಗ ಹಿಡ್ಸೂದಿಲ್ಲ ನೋಡ್ರಿ" ಅನ್ನುತ್ತಿದ್ದರು. ಅದು ನಿಜ. 350 ಅಡಿಗೂ ಉದ್ದದ ಡಿಸ್ಟ್ರಾಯರ್ ಎಂಬ ಯುದ್ಧನೌಕೆ ಗುಮ್ಮಟದೊಳಗೆ ಹೇಗೆ ಹಿಡಿದೀತು? ಆದರೆ ಆಗ ನಾವು ಅವರು ಬಡಾಯಿ ಕೊಚ್ಚುತ್ತಿದ್ದಾರೆ ಅಂದುಕೊಂಡಿದ್ದೆವು.

ಮಾವನ ಪತ್ರ ಬಂದರೆ ಆಯಿ (ನನ್ನ ತಾಯಿಯ ತಾಯಿ) ಅದನ್ನು ನನ್ನ ಕೈಗೆ ಕೊಟ್ಟು ಎರಡು ಸಲ ಓದಿಸುತ್ತಿದ್ದಳು. ಓದಿದ್ದಕ್ಕೆ ನನ್ನ ಕೂಲಿ, ಲಕೋಟೆಯ ಟಿಕೀಟು. ಗಾಂಧಿ ಶತಮಾನೋತ್ಸವದ 20 ಪೈಸೆಯ ಚೀಟಿ ಆಗ ಚಾಲ್ತಿಯಲ್ಲಿತ್ತು, ಗಾಂಧಿ ಮತ್ತು ಕಸ್ತೂರಬಾ ಒಟ್ಟಿಗಿರುವಂಥದು. ಅದನ್ನು ಕತ್ತರಿಸಿ, ಹಿತ್ತಾಳೆ ತಾಟಿನಲ್ಲಿ ತೇಲಿಬಿಟ್ಟು, ಸಿಪ್ಪೆ ಸುಲಿದ ಹಾಗೆ ಕಾಗದ ಸುಲಿದು, ನೋಟುಬುಕ್ಕಿಗೆ ಗೋಂದು ಹಚ್ಚಿ ಮೆತ್ತುತ್ತಿದ್ದೆ. ಮೂಲೆ ಹರಿದ ಲಕೋಟೆ ಬಚ್ಚಲ ಒಲೆಗೆ. ಪತ್ರ ಮಾತ್ರ ಆಯಿಯ ಹಾಸಿಗೆಯ ಕೆಳಗೆ.

ಆ ನೋಟುಬುಕ್ಕು ಇವತ್ತೂ ಮುಂಬಯಿ ಬಳಿಯ ಡೊಂಬಿವಿಲಿಯ ನನ್ನ ಮನೆಯಲ್ಲಿದೆ. ಅದರೊಳಗಿನ ಒಂದು ಚೀಟಿಯ ಕೆಳತುದಿಯಲ್ಲಿ ಕಪ್ಪು ಶಾಯಿಯ ಒಂದು ಬಾಗಿದ ಗೆರೆ ಇದೆ, ಅದರ ಒಳಗೆ 'ಬಾಂಬೇ'ಯ ಕೊನೆಯ 'ಬೇ'ಗೆ ಸೇರಿದ ಮೂರು ಇಂಗ್ಲಿಷ್ ಅಕ್ಷರ. ಅಂಚೆ ಮೊಹರಿನ ಉಳಿದ ಮುಕ್ಕಾಲು ವೃತ್ತ, ತಾರೀಖು, ಹೊತ್ತು ಎಲ್ಲ ಲಕೋಟೆಯ ಜೊತೆಗೆ ನೀರು ಕಾಯಿಸಿ ಹೋದವು. ಭೂತಗನ್ನಡಿ ಹಿಡಿದು ಎಷ್ಟು ಸಲ ನೋಡಿದ್ದೇನೋ. 'ಬೇ' ಅನ್ನುವುದರ ಆಚೆ ಅದು ಒಂದಕ್ಷರ ಹೇಳುವುದಿಲ್ಲ.

ಇಷ್ಟಾದರೂ ಪರವಾಗಿರಲಿಲ್ಲ. ನಿಜವಾದ ನಷ್ಟ 1972ರ ಜನವರಿಯಲ್ಲಿ ಆದದ್ದು.

ಅದನ್ನು ಹೇಳುವ ಮೊದಲು ಆ ಹಡಗಿನ ಕುಲಗೋತ್ರ ಹೇಳಬೇಕು. ರಜಪೂತ ಹುಟ್ಟಿದ್ದು ಸ್ಕಾಟ್ಲೆಂಡಿನ ಕ್ಲೈಡ್ ನದಿಯ ದಂಡೆಯಲ್ಲಿ, ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ. ಆಗ ಅದರ ಹೆಸರು ಎಚ್‌ಎಂಎಸ್ ರಾದರ್‌ಹ್ಯಾಮ್. ಯುದ್ಧ ಮುಗಿದ ಮೇಲೆ 1949ರಲ್ಲಿ ಭಾರತ ಬ್ರಿಟನ್ನಿನಿಂದ ಇಂಥ ಮೂರು ಡಿಸ್ಟ್ರಾಯರುಗಳನ್ನು ಕೊಂಡಿತು. ರಾದರ್‌ಹ್ಯಾಮ್ ರಜಪೂತ ಆಯಿತು, ರಿಡೌಟ್ ರಣಜಿತ್ ಆಯಿತು, ರೇಡರ್ ರಾಣಾ ಆಯಿತು. ಅಂದರೆ ಮಾವ ಕಲ್ಲಿದ್ದಲ ಮಸಿಯಿಲ್ಲದಿದ್ದರೂ ಎಣ್ಣೆಯ ಕಾವಿನಲ್ಲಿ ಬೆವರು ಸುರಿಸಿದ ಬಾಯ್ಲರು, ಹಿಂದೆ ಯಾರೋ ಇಂಗ್ಲಿಷ್ ಹುಡುಗನ ಬೆವರನ್ನೂ ಕುಡಿದದ್ದೇ.

ಆ ಇಂಗ್ಲಿಷ್ ಹುಡುಗ ಮನೆಗೆ ಬರೆದ ಪತ್ರ ಈಗ ನಿಮ್ಮ ಕೈಗೆ ಸಿಕ್ಕರೆ, ಅದರ ಮೇಲೆ ಹಡಗಿನ ಹೆಸರು ಇರುವುದಿಲ್ಲ. ಯುದ್ಧಕಾಲದಲ್ಲಿ ಬ್ರಿಟಿಷ್ ಹಡಗುಗಳ ಟಪಾಲಿನ ಮೇಲೆ 'ಪೋಸ್ಟ್ ಆಫೀಸ್ ಮ್ಯಾರಿಟೈಮ್ ಮೇಲ್' ಎಂಬ ಮೊಹರು ಬೀಳುತ್ತಿತ್ತು, ಇಲ್ಲವೇ ರಾಜನ ಹಡಗಿನಿಂದ ಬಂದದ್ದು ಎಂಬ ಒಂದು ಸಾಲು. ಪಕ್ಕದಲ್ಲಿ ಸೆನ್ಸಾರಿನವರ ಒಂದು ಮುದ್ರೆ, ನೋಡಲು ಗೋರಿಕಲ್ಲಿನ ಆಕಾರ, ಅದಕ್ಕೇ ಸಂಗ್ರಾಹಕರು ಅದನ್ನು 'ಟೂಂಬ್‌ಸ್ಟೋನ್' ಎಂದೇ ಕರೆಯುತ್ತಾರೆ. ಯಾವ ಹಡಗು, ಯಾವ ಬಂದರು, ಯಾವ ಕಡಲು ಎಂದು ಶತ್ರುವಿಗೆ ತಿಳಿಯಬಾರದು. ತಾಯಿಗೂ ತಿಳಿಯುತ್ತಿರಲಿಲ್ಲ.

ಅಮೆರಿಕದವರ ಕಥೆ ಇನ್ನೂ ಸೊಗಸು. 1908ರ ಒಂದು ಕಾಯ್ದೆಯಿಂದ ಅವರ ಸಮರನೌಕೆಗಳಲ್ಲೇ ಅಂಚೆ ಕಚೇರಿ ಇಡಲು ಅನುಮತಿ ಸಿಕ್ಕಿತು. ಹಡಗಿನ ನಾವಿಕನೇ ಮೇಲ್ ಕ್ಲರ್ಕು, ಹಡಗಿನ ಹೆಸರೇ ಊರಿನ ಹೆಸರು. ನಮ್ಮ ಅಂಚೆ ಮೊಹರಿನಲ್ಲಿ 'ಬಾಗಲಕೋಟ' ಎಂದಿರುವ ಜಾಗದಲ್ಲಿ ಅವರದ್ದರಲ್ಲಿ ಡಿಸ್ಟ್ರಾಯರಿನ ಹೆಸರು. ಬಲಗಡೆ ಚೀಟಿಯನ್ನು ರದ್ದು ಮಾಡುವ ಅಡ್ಡಪಟ್ಟಿಗಳಿರುತ್ತವಲ್ಲ, ಅವುಗಳ ನಡುವೆ ಬಿಡಿ ಅಕ್ಷರ ಜೋಡಿಸಿ ಆ ದಿನ ಹಡಗು ಯಾವ ಬಂದರಿನಲ್ಲಿದೆ ಎಂದೂ ಅಚ್ಚೊತ್ತುತ್ತಿದ್ದರು. 1930ರ ದಶಕದಲ್ಲಿ ಇದೊಂದು ದೊಡ್ಡ ಹುಚ್ಚಾಯಿತು. ತಮ್ಮದೇ ವಿಳಾಸ ಬರೆದು, 3 ಸೆಂಟಿನ ಚೀಟಿ ಅಂಟಿಸಿದ ಲಕೋಟೆಯನ್ನು ಹಡಗಿನ ಮೇಲ್ ಕ್ಲರ್ಕಿಗೆ ಕಳಿಸುವುದು, ಅವನು ಮೊಹರು ಒತ್ತಿ ವಾಪಸು ಕಳಿಸುವುದು. 1932ರಲ್ಲಿ ಇದಕ್ಕೇ ಯೂನಿವರ್ಸಲ್ ಶಿಪ್ ಕ್ಯಾನ್ಸಲೇಶನ್ ಸೊಸೈಟಿ ಎಂಬ ಸಂಘ ಕಟ್ಟಿಕೊಂಡರು. ಡಾ. ಫ್ರಾನ್ಸಿಸ್ ಲೋಸಿ ಎಂಬವರು ಆ ಮೊಹರುಗಳನ್ನೆಲ್ಲ ವಿಂಗಡಿಸಿ ಒಂದೊಂದು ಬಗೆಗೂ ನಂಬರು ಕೊಟ್ಟರು. ಇವತ್ತಿಗೂ ಅಲ್ಲಿಯ ಸಂಗ್ರಾಹಕರು 'ಲೋಸಿ ಇಂತಿಷ್ಟನೇ ಬಗೆ' ಎಂದೇ ಮಾತಾಡುವುದು.

ಹೀಗೆ ಆಡುತ್ತಾಡುತ್ತ ಸಂಗ್ರಹಿಸಿದ ಲಕೋಟೆಗಳಿಗೆ ಆಮೇಲೆ ಬಂದ ಭಾರ ನೋಡಿ. ರೂಬೆನ್ ಜೇಮ್ಸ್ ಎಂಬ ಡಿಸ್ಟ್ರಾಯರು 1941ರ ಅಕ್ಟೋಬರ್ 31ರಂದು ಐಸ್‌ಲ್ಯಾಂಡಿನ ಸಮೀಪ ಜರ್ಮನ್ ಜಲಾಂತರ್ಗಾಮಿಯ ಟಾರ್ಪಿಡೊ ತಗಲಿ ಮುಳುಗಿತು. ಅಮೆರಿಕ ಇನ್ನೂ ಯುದ್ಧಕ್ಕೇ ಇಳಿದಿರಲಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು. ಶಾಂತಿಕಾಲದಲ್ಲಿ ಆ ಹಡಗಿನಿಂದ ಸುಮ್ಮನೆ ಮೊಹರು ಹಾಕಿಸಿಕೊಂಡವರು ತಮ್ಮ ಲಕೋಟೆಯನ್ನು ಮಾರನೆಯ ದಿನ ಯಾವ ಕಣ್ಣಿನಿಂದ ನೋಡಿರಬೇಕು.

ಪರ್ಲ್ ಹಾರ್ಬರಿನ ದಾಳಿಯಾದ ಮೇಲೆ ಹೆಸರುಗಳೆಲ್ಲ ಹೋದವು. ಮೊಹರಿನಲ್ಲಿ ಹಡಗಿನ ಹೆಸರಿದ್ದ ಜಾಗದಲ್ಲಿ ಬರೀ 'ಯು.ಎಸ್. ನೇವಿ'. ಪಟ್ಟಿಗಳ ನಡುವಿನ ಬಂದರಿನ ಹೆಸರೂ ಮಾಯ. 1942ರ ಏಪ್ರಿಲ್ 1ರಿಂದ ಸೈನಿಕರ ಸಾಮಾನ್ಯ ಪತ್ರಗಳಿಗೆ ಅಂಚೆ ವೆಚ್ಚವನ್ನೂ ಮಾಫಿ ಮಾಡಿದ್ದರಿಂದ ಚೀಟಿಯೂ ಬೇಡವಾಯಿತು. ಚೀಟಿಯ ಜಾಗದಲ್ಲಿ ಕೈಯಿಂದ 'ಫ್ರೀ' ಎಂದು ಬರೆದರೆ ಸಾಕು. ವಿಮಾನದಲ್ಲಿ ಹೋಗಬೇಕಾದರೆ ಮಾತ್ರ 6 ಸೆಂಟು.

ಅಂಥದೊಂದು ನನ್ನ ಹತ್ತಿರ ಇದೆ. ಹದಿನೈದು ವರ್ಷದ ಹಿಂದೆ ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಸಿಕ್ಕಿತು. ಯಾರದೋ ಸಂಗ್ರಹ ಒಡೆದು ಬಂದ ಡಬ್ಬಿ. ಹಿತ್ತಾಳೆಯ ದಿಕ್ಸೂಚಿ, ಗ್ರಾಮಫೋನಿನ ಕಿವಿ, ಹಳೇ ಸಿನಿಮಾ ಪೋಸ್ಟರು ಇವುಗಳ ನಡುವೆ ಅಂಗಡಿಯವನು ಅದನ್ನು ಕಾಲಿನಿಂದ ಸರಿಸಿದ. ಚೀಟಿ ಇದ್ದ ಲಕೋಟೆಗಳಿಗೆ ಒಂದೊಂದಕ್ಕೂ ಐನೂರು, ಆರುನೂರು. ಇದನ್ನು ಎತ್ತಿ ಹಿಡಿದೆ. "ಸಾಬ್, ಉಸ್ ಪೆ ತೋ ಟಿಕಟ್ ಹೀ ನಹೀಂ ಹೈ", ಅದರ ಮೇಲೆ ಟಿಕೀಟೇ ಇಲ್ಲವಲ್ಲ ಎಂದು ಅವನೇ ನನ್ನನ್ನು ಎಚ್ಚರಿಸಿ, ನೂರೈವತ್ತಕ್ಕೆ ಕೊಟ್ಟ. ಪ್ರಾಮಾಣಿಕ ಮನುಷ್ಯ.

ಮನೆಗೆ ಬಂದು ಟ್ಯೂಬ್‌ಲೈಟಿನ ಕೆಳಗೆ ಇಟ್ಟೆ. ಅಗ್ಗದ, ತೆಳ್ಳನೆಯ ಬಿಳಿ ಲಕೋಟೆ, ಈಗ ಬಣ್ಣ ಗೋಧಿ ಹಿಟ್ಟಿನದು. ಮೇಲಿನ ಬಲಮೂಲೆಯಲ್ಲಿ ನೀಲಿ ಶಾಯಿಯ 'ಫ್ರೀ', ಎಫ್ ಅಕ್ಷರದ ಬಾಲವನ್ನು ಎಳೆದ ಎಳೆತಕ್ಕೆ ನಿಬ್ಬು ಕಾಗದವನ್ನು ಗೀರಿದೆ. ವೃತ್ತದೊಳಗೆ ಮಾರ್ಚ್ 1945. ವೃತ್ತದ ಮೇಲಿನ ಬಾಗಿನಲ್ಲಿ ಬರೀ 'ಯು.ಎಸ್. ನೇವಿ'. ಕೆಳ ಎಡಮೂಲೆಯಲ್ಲಿ ನೌಕಾ ಸೆನ್ಸಾರಿನ ಸಣ್ಣ ದುಂಡು ಮುದ್ರೆ, ಅದರ ನಡುವೆ ಓದಲಾಗದ ಎರಡು ಇನಿಷಿಯಲ್ಲು. ಮೊಹರು ಗುಟ್ಟು ಕಾಪಾಡಿತು, ಹುಡುಗ ಕಾಪಾಡಲಿಲ್ಲ. ಅವನಿಗೆ ಉತ್ತರ ಬರಬೇಕಲ್ಲ. ಮೇಲಿನ ಎಡಮೂಲೆಯಲ್ಲಿ ತನ್ನ ಹೆಸರು, ಹುದ್ದೆ, ಅದರ ಕೆಳಗೆ 'ಯುಎಸ್‌ಎಸ್ ಕಿಡ್', ಫ್ಲೀಟ್ ಪೋಸ್ಟ್ ಆಫೀಸ್, ಸ್ಯಾನ್ ಫ್ರಾನ್ಸಿಸ್ಕೊ ಎಂದು ಬರೆದಿದ್ದಾನೆ. ಯುದ್ಧಕಾಲದ ಲಕೋಟೆಯಿಂದ ಹಡಗನ್ನು ಪತ್ತೆ ಹಚ್ಚುವ ದಾರಿ ಇದೇ. ಟಿಕೀಟಿನ ಮೂಲೆಯಿಂದ ಸಿಗುವುದು ಏನೂ ಇಲ್ಲ, ಎದುರಿನ ಮೂಲೆ ಓದಬೇಕು. ನಿಮ್ಮ ಮಕ್ಕಳ ಪುಟದ ಕತ್ತರಿ ಕಸದ ಬುಟ್ಟಿಗೆ ಹಾಕುವ ಮೂಲೆ ಅದು.

ಕಿಡ್ ಫ್ಲೆಚರ್ ವರ್ಗದ ಡಿಸ್ಟ್ರಾಯರು. ಆ ವರ್ಗದಲ್ಲಿ 175 ಹಡಗು ಕಟ್ಟಿದರು. ಪರ್ಲ್ ಹಾರ್ಬರಿನಲ್ಲಿ ಅರಿಝೋನಾ ಹಡಗಿನ ಮೇಲೆ ಸತ್ತ ರಿಯರ್ ಅಡ್ಮಿರಲ್ ಐಸಾಕ್ ಕಿಡ್ ಅವರ ಹೆಸರು ಇದಕ್ಕೆ. 1945ರ ಏಪ್ರಿಲ್ 11ರಂದು ಓಕಿನಾವಾದ ಹತ್ತಿರ ಜಪಾನಿನ ಆತ್ಮಾಹುತಿ ವಿಮಾನವೊಂದು ಬಂದು ಹಡಗಿಗೆ ಹೊಡೆಯಿತು. 38 ಜನ ಸತ್ತರು. ಹಡಗು ಮುಳುಗಲಿಲ್ಲ, ಈಗ ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಮ್ಯೂಸಿಯಂ ಆಗಿದೆ. ನನ್ನ ಲಕೋಟೆಗೂ ಆ ದಿನಕ್ಕೂ ನಡುವೆ ಕೆಲವೇ ವಾರ. ಸತ್ತವರ ಪಟ್ಟಿ ಹುಡುಕಿದರೆ ಸಿಗುತ್ತದೆ, ಮಗಳು ಫೋನಿನಲ್ಲೇ ತೆಗೆದುಕೊಡುತ್ತೇನೆ ಅಂದಳು. ಬೇಡ ಅಂದೆ. ಸದ್ಯಕ್ಕೆ ನನ್ನ ಮಟ್ಟಿಗೆ ಆ ಹುಡುಗ ಉತ್ತರಕ್ಕೆ ಕಾಯುತ್ತಿದ್ದಾನೆ, ಇರಲಿ.

ಈಗ 1972ರ ಜನವರಿ.

ಹಿಂದಿನ ನವೆಂಬರಿನಿಂದಲೇ ಮಾವನ ಪತ್ರ ನಿಂತಿತ್ತು. ಆಯಿ ದಿನಾ ಹನ್ನೊಂದು ಗಂಟೆಗೆ ಕಟ್ಟೆಯ ಮೇಲೆ ಬಂದು ಕೂಡುವಳು. ಪೋಸ್ಟ್‌ಮನ್ ದೂರದಿಂದಲೇ ಕೈ ಅಲ್ಲಾಡಿಸಿ ಸೈಕಲ್ಲು ಬೇರೆ ಸಂದಿಗೆ ತಿರುಗಿಸುವನು. ಪಾಕಿಸ್ತಾನದ ಜೊತೆಗಿನ ಯುದ್ಧದ ದಿನಗಳು: ಬ್ಲ್ಯಾಕ್‌ಔಟಿನ ಸುದ್ದಿ, ರೇಡಿಯೊ, ಕಿಟಕಿಗೆ ಹಚ್ಚಿದ ಕರೀ ಕಾಗದ. ಆ ದಿನಗಳಲ್ಲಿ ಮಾವನ ಹಡಗು ಏನು ಮಾಡುತ್ತಿತ್ತು ಎಂಬುದು ನನಗೆ ಗೊತ್ತಾದದ್ದು ಬಹಳ ವರ್ಷಗಳ ನಂತರ, ಆಗ ಪೂರ್ವ ನೌಕಾ ಕಮಾಂಡಿನ ಮುಖ್ಯಸ್ಥರಾಗಿದ್ದ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ಬರೆದದ್ದನ್ನು ಓದಿದಾಗ. ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿ ನಮ್ಮ ವಿಮಾನವಾಹಕ ನೌಕೆ ವಿಕ್ರಾಂತವನ್ನು ಹುಡುಕಿಕೊಂಡು ಬಂಗಾಳ ಕೊಲ್ಲಿಗೆ ಬಂದಿತ್ತು. ವಿಕ್ರಾಂತವನ್ನು ಅಂಡಮಾನಿನ ಕಡೆ ಬಚ್ಚಿಟ್ಟು, ಮುದಿ ರಜಪೂತಕ್ಕೆ ವಿಕ್ರಾಂತದ ವೇಷ ಹಾಕಿಸಿದರು. ವಿಶಾಖಪಟ್ಟಣದಾಚೆ ಹೋಗಿ ದೊಡ್ಡ ಹಡಗಿನ ಹಾಗೆ ವೈರ್‌ಲೆಸ್‌ನಲ್ಲಿ ಗದ್ದಲ ಮಾಡು ಎಂದು ಅಪ್ಪಣೆ. ಶತ್ರು ನಂಬಲಿ ಎಂದು ಬೇಕಂತಲೇ ಒಂದು ತಪ್ಪನ್ನೂ ಮಾಡಿಸಿದರು: ಗುಪ್ತಲಿಪಿಯಿಲ್ಲದ ಬಿಚ್ಚುಮಾತಿನಲ್ಲಿ ಒಂದು ಖಾಸಗಿ ತಂತಿ. ವಿಕ್ರಾಂತದ ನಾವಿಕನೊಬ್ಬ, ತೀರಾ ಕಾಯಿಲೆ ಬಿದ್ದ ತನ್ನ ತಾಯಿ ಹೇಗಿದ್ದಾಳೆ ಎಂದು ವಿಚಾರಿಸುವ ತಂತಿ. ಅಂಥ ತಾಯಿಯೂ ಇರಲಿಲ್ಲ, ಮಗನೂ ಇರಲಿಲ್ಲ.

ಇದನ್ನು ಓದಿದಾಗ ನಾನು ಮುಂಬಯಿ ಫೋರ್ಟಿನ ನಮ್ಮ ಬ್ಯಾಂಕಿನ ಶಾಖೆಯಲ್ಲಿ ಊಟದ ಡಬ್ಬಿ ಬಿಚ್ಚಿ ಕೂತಿದ್ದೆ. ರೊಟ್ಟಿ ಕೈಯಲ್ಲೇ ಉಳಿಯಿತು. ಆ ಹೊತ್ತಿನಲ್ಲಿ ಅದೇ ಹಡಗಿನೊಳಗೆ ಒಬ್ಬ ನಿಜವಾದ ಮಗ ಇದ್ದ, ವಿಜಾಪುರದ ಕಟ್ಟೆಯ ಮೇಲೆ ಗಟ್ಟಿಮುಟ್ಟಾದ ಒಬ್ಬ ನಿಜವಾದ ತಾಯಿ ಕೂತಿದ್ದಳು, ಅವರಿಬ್ಬರ ನಡುವೆ ಒಂದು ಕಾರ್ಡೂ ಓಡಾಡುತ್ತಿರಲಿಲ್ಲ. ಹುಸಿ ತಾಯಿಯ ತಂತಿಗೆ ಮಾತ್ರ ದಾರಿ ಖುಲ್ಲಾ.

ಸಂಜೆ ಮಾವನಿಗೆ ಫೋನು ಹಚ್ಚಿ ಹೇಳಿದೆ. ಅವರು ನಿವೃತ್ತರಾಗಿ ಊರಿಗೆ ಬಂದು ದ್ರಾಕ್ಷಿ ಹಚ್ಚಿದ್ದರು. "ನಾ ಬಾಯ್ಲರ್ ಮುಂದ ಇದ್ದಾಂವ, ತಮ್ಮಾ. ಮ್ಯಾಲ ಅವ್ರು ಏನ್ ಕಳಸ್ತಿದ್ರು, ಯಾರಿಗೆ ಕಳಸ್ತಿದ್ರು, ನನಗೇನ್ ಗೊತ್ತು? ನಮಗ ಗೊತ್ತಾಗಿದ್ದು ಅಂದ್ರ, ಒಂದಿನ ರಾತ್ರಿ ಡೆಪ್ತ್ ಚಾರ್ಜ್ ಬಿಟ್ರು, ಆಮ್ಯಾಲ ಹಡಗ ಪೂರಾ ನಡಗಿತು" ಅಂದರು. ಡೆಪ್ತ್ ಚಾರ್ಜ್ ಅಂದರೆ ಜಲಾಂತರ್ಗಾಮಿಯನ್ನು ಒಡೆಯಲು ನೀರಿಗೆ ಬಿಡುವ ಬಾಂಬು. ಡಿಸೆಂಬರ್ 3 ಮತ್ತು 4ರ ನಡುವಿನ ರಾತ್ರಿ ಅದು. ಘಾಜಿ ವಿಶಾಖಪಟ್ಟಣದ ಬಾಯಲ್ಲೇ ಮುಳುಗಿತು. ರಜಪೂತದ ಡೆಪ್ತ್ ಚಾರ್ಜಿನಿಂದ ಎಂದು ನಮ್ಮ ನೌಕಾದಳ ಹೇಳುತ್ತದೆ, ಒಳಗಿನ ಸ್ಫೋಟದಿಂದ ಎಂದು ಪಾಕಿಸ್ತಾನ ಹೇಳುತ್ತದೆ. ಆ ವಾದ ನನ್ನಂಥ ಬ್ಯಾಂಕ್ ಗುಮಾಸ್ತನಿಂದ ಬಗೆಹರಿಯುವಂಥದಲ್ಲ. ನನಗೆ ಹೊಳೆಯುವುದು ಬೇರೆ: ಘಾಜಿಯೂ ಅದೇ ಮಹಾಯುದ್ಧದ ಕೂಸು, ಅಮೆರಿಕದ ಹಳೆಯ ಡಯಾಬ್ಲೊ. ಒಂದೇ ಯುದ್ಧಕ್ಕೆಂದು ಕಟ್ಟಿದ ಎರಡು ಹಡಗು, ಇಪ್ಪತ್ತಾರು ವರ್ಷ ಬಿಟ್ಟು ಬೇರೆ ಹೆಸರಿನಲ್ಲಿ ಬೇರೆಯವರ ಯುದ್ಧದಲ್ಲಿ ಎದುರುಬದುರಾದವು. ಘಾಜಿಯಲ್ಲಿ ಸತ್ತ 90ಕ್ಕೂ ಹೆಚ್ಚು ಜನರ ಮನೆಗಳಲ್ಲೂ ಯಾರಾದರೂ ಹನ್ನೊಂದು ಗಂಟೆಗೆ ಕಟ್ಟೆಗೆ ಬಂದು ಕೂತಿರುತ್ತಾರೆ.

ಜನವರಿಯ ಸಂಕ್ರಾಂತಿಯ ಹೊತ್ತಿಗೆ ಪತ್ರ ಬಂತು. ಪೋಸ್ಟ್‌ಮನ್ ಓಣಿಯ ತುದಿಯಿಂದಲೇ ಗಂಟೆ ಬಾರಿಸುತ್ತ ಬಂದ. ಒಳಗೆ ನಾಲ್ಕೇ ಸಾಲು: ಆರಾಮ ಅದೀನಿ, ಚಿಂತಿ ಮಾಡಬ್ಯಾಡ, ಬಿಳಿಜೋಳ ಹೆಂಗದಾವ, ಎಮ್ಮಿ ಈದೈತೋ ಇಲ್ಲೋ. ಆಯಿ ಅದನ್ನು ಎರಡರ ಬದಲು ಐದು ಸಲ ಓದಿಸಿದಳು. ನಾನು ಕೂಲಿಗಾಗಿ ಲಕೋಟೆ ತಿರುಗಿಸಿ ನೋಡಿದೆ. ಟಿಕೀಟು ಇರಲಿಲ್ಲ. ಚೀಟಿ ಇರಬೇಕಾದ ಕಡೆ ನೇರಳೆ ಶಾಯಿಯ ಒಂದು ದುಂಡು ರಬ್ಬರ್ ಠಸ್ಸೆ, ಅದರೊಳಗೆ ಹಡಗಿನ ಹೆಸರು. ಈ ಠಸ್ಸೆ ಯಾತಕ್ಕೆ ಬಂತು ನನಗೆ? ಸಿಟ್ಟು ಬಂದು ಆ ಲಕೋಟೆಯನ್ನು ನಾನೇ ಕೈಯಾರೆ ಬಚ್ಚಲ ಒಲೆಗೆ ಹಾಕಿದೆ. ಸ್ಕಾಟ್ಲೆಂಡಿನಲ್ಲಿ ಹುಟ್ಟಿದಾಗ ಹೆಸರು ಹೇಳಲು ಅಪ್ಪಣೆಯಿಲ್ಲದ ಹಡಗು, ವಿಕ್ರಾಂತದ ಹೆಸರು ಹೊತ್ತು ತಿರುಗಿದ ಹಡಗು, ಕೊನೆಗೊಮ್ಮೆ ತನ್ನ ಹೆಸರನ್ನು ತಾನೇ ಒತ್ತಿ ಕಳಿಸಿದ್ದು ನಮ್ಮ ಮನೆಗೆ. ಅದನ್ನು ಸುಟ್ಟವನು ನಾನು. ಮಟನ್ ಸ್ಟ್ರೀಟಿನವನು 'ಟಿಕಟ್ ಹೀ ನಹೀಂ ಹೈ' ಅಂದಾಗ ನಾನು ನಗದೆ ಸುಮ್ಮನೆ ದುಡ್ಡು ಎಣಿಸಿದ್ದು ಇದಕ್ಕೇ.

ರಜಪೂತವನ್ನು 1976ರಲ್ಲಿ ಗುಜರಿಗೆ ಒಡೆದರು. ಮಾವ ಹೋಗಿ ಒಂಬತ್ತು ವರ್ಷವಾಯಿತು.

ಬ್ಯಾಂಕಿನಲ್ಲಿದ್ದ ಮೂವತ್ತನಾಲ್ಕು ವರ್ಷವೂ ಮಧ್ಯಾಹ್ನದ ಬಿಡುವಿನಲ್ಲಿ ನನ್ನ ಕಾಲು ತಾನಾಗಿ ಜಿಪಿಓ (ಪ್ರಧಾನ ಅಂಚೆ ಕಚೇರಿ) ಕಡೆ ನಡೆಯುತ್ತಿತ್ತು. ಅಲ್ಲಿನ ಫಿಲಾಟೆಲಿ (ಅಂಚೆಚೀಟಿ ಸಂಗ್ರಾಹಕರ) ಕೌಂಟರಿಗೆ ಹೋಗುವುದು ನೆಪ. ಮುಂಬಯಿಯ ಜಿಪಿಓ ಕಟ್ಟಡ ಜಾನ್ ಬೆಗ್ ಎಂಬ ವಾಸ್ತುಶಿಲ್ಪಿಯದು, 1913ರಲ್ಲಿ ಮುಗಿದದ್ದು, ಅದರ ಗುಮ್ಮಟಕ್ಕೆ ಮಾದರಿ ನಮ್ಮೂರ ಗೋಳಗುಮ್ಮಟ. ಸಿಎಸ್‌ಎಂಟಿ ರೈಲು ನಿಲ್ದಾಣದ ಪಕ್ಕದಲ್ಲಿ ದಿನಾ ಓಡಾಡುವ ನಮ್ಮ ಕನ್ನಡಿಗರಲ್ಲೇ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಆ ಗುಮ್ಮಟದ ಕೆಳಗೆ ನಿಂತು ಕತ್ತೆತ್ತಿದರೆ ಸಾಕು, ಊರಿಗೆ ಹೋಗಿಬಂದ ಹಾಗೆ. ಇಲ್ಲಿ ಪಿಸುಮಾತು ಏಳು ಸಲ ಮರುನುಡಿಯುವುದಿಲ್ಲ ಅಷ್ಟೇ, ಮೊಹರು ಒತ್ತುವ ಠಪ್ ಠಪ್ ಸದ್ದು ಮಾತ್ರ. ನೌಕಾದಳದವರಿಗೆ ಬರೆಯುವ ಪತ್ರಗಳ ಮೇಲೆ ಹಡಗಿನ ಹೆಸರು ಹಾಕಿ 'ಫ್ಲೀಟ್ ಮೇಲ್ ಆಫೀಸ್, ಮುಂಬಯಿ' ಎಂದು ಬರೆಯುತ್ತೇವಲ್ಲ. ಹಡಗು ಕೊಚ್ಚಿಯಲ್ಲಿರಲಿ, ಏಡನ್ನಿನಲ್ಲಿರಲಿ, ಅದನ್ನು ಹುಡುಕಿ ಮುಟ್ಟಿಸುವುದು ಅವರ ಪಾಡು.

ಹಡಗು ಸೇವೆಗೆ ಸೇರಿದಾಗ, ಬೀಳ್ಕೊಟ್ಟಾಗ ಸೈನ್ಯದ ಅಂಚೆ ಸೇವೆಯವರು ಅಚ್ಚುಕಟ್ಟಾದ ವಿಶೇಷ ಲಕೋಟೆ ಹೊರಡಿಸುತ್ತಾರೆ. ಅವೂ ನನ್ನಲ್ಲಿ ಒಂದಷ್ಟಿವೆ. ನಿಜ ಹೇಳಬೇಕೆಂದರೆ ನನಗೆ ಅವುಗಳ ಮೇಲೆ ಅಷ್ಟು ಪ್ರೀತಿಯಿಲ್ಲ. ಮದುವೆಯ ಆಲ್ಬಮ್ಮಿನ ಹಾಗೆ ಎಲ್ಲರೂ ತಲೆ ಬಾಚಿಕೊಂಡು ನಿಂತ ಚಿತ್ರಗಳು ಅವು. ಎಣ್ಣೆ ಕೈ ತಾಗಿ ಕಲೆಯಾದ, ವಿಳಾಸ ವಕ್ರವಾದ, ಯಾರೋ ತಾಯಿಯೋ ಹೆಂಡತಿಯೋ ಅವಸರಕ್ಕೆ ಹರಿದ ಲಕೋಟೆ ಒಂದಿದ್ದರೆ ನಾನು ಅಂಥ ಇಪ್ಪತ್ತನ್ನು ಬಿಟ್ಟುಕೊಟ್ಟೇನು.

ಅಂಥವು ಎಲ್ಲಿವೆ ಎಂದು ಕೇಳಿದರೆ, ನಿಮ್ಮ ಓದುಗರ ಮನೆಯ ಅಟ್ಟದಲ್ಲಿವೆ. ಕಾರವಾರ, ಕುಂದಾಪುರ, ವಿಜಾಪುರ, ಬೆಳಗಾವಿ ಕಡೆಯಿಂದ ಬಂದು ನೌಕಾದಳದಲ್ಲೋ ಡಾಕ್‌ಯಾರ್ಡಿನಲ್ಲೋ ದುಡಿದು ಇಲ್ಲೇ ಮುಂಬಯಿಯಲ್ಲಿ ನೆಲೆ ನಿಂತವರು ಎಷ್ಟು ಜನರಿಲ್ಲ. ಹೋದ ವರ್ಷ ನಮ್ಮ ಕಟ್ಟಡ ರಿಡೆವಲಪ್‌ಮೆಂಟಿಗೆ ಹೋಯಿತು. ಮೂವತ್ತು ದಿನದಲ್ಲಿ ಮನೆ ಖಾಲಿ ಮಾಡಬೇಕು. ಎಲ್ಲರ ಅಟ್ಟವೂ ಕೆಳಗಿಳಿಯಿತು. ಒಂದು ಬೆಳಿಗ್ಗೆ ಹಾಲು ತರಲು ಇಳಿದವನಿಗೆ ಮೆಟ್ಟಿಲ ಕೆಳಗೆ ರದ್ದಿಯವನ ತಕ್ಕಡಿ ಕಂಡಿತು, ಅದರ ಮೇಲೆ ಸೆಣಬಿನ ದಾರ ಕಟ್ಟಿದ ಲಕೋಟೆಗಳ ಕಟ್ಟು. ಕಿಲೋಗೆ ಹನ್ನೆರಡು ರೂಪಾಯಿ. ಮೂರನೇ ಮಹಡಿಯ ಕುಂದಾಪುರದ ಅಮ್ಮನದು. ಅವರ ಯಜಮಾನರು ನೌಕಾದಳದಲ್ಲಿ ಚೀಫ್ ಪೆಟ್ಟಿ ಆಫೀಸರ್ ಆಗಿದ್ದವರು, ತೀರಿಕೊಂಡು ಬಹಳ ಕಾಲವಾಗಿತ್ತು.

ಕಟ್ಟು ಎತ್ತಿಕೊಂಡು ಮೂರು ಮಹಡಿ ಹತ್ತಿದೆ. "ಅದ್ರಲ್ ಎಂತ ಇತ್ ಮರ್ರೆ, ಬರೀ ಹಳೇ ಕಾಗ್ದ" ಅಂದರು ಅಮ್ಮ, ಪಾತ್ರೆ ಕಟ್ಟುವುದು ನಿಲ್ಲಿಸದೆ. ಅವರ ಎದುರಿಗೇ ದಾರ ಬಿಚ್ಚಿದೆ. ಅವು ಗಂಡ ಬರೆದವಲ್ಲ, ಇವರೇ ಬರೆದವು. ಆತ ಹಡಗಿನ ಪೆಟ್ಟಿಗೆಯಲ್ಲಿ ಕೂಡಿಟ್ಟು ಮನೆಗೆ ತಂದಿದ್ದ. ಮೇಲಿನದರ ಮೇಲೆ ಗಾಂಧಿ ಕಸ್ತೂರಬಾ 20 ಪೈಸೆ, ಅದರ ಪಕ್ಕದಲ್ಲಿ ಒತ್ತಿಕೊಂಡು ಒಂದು 5 ಪೈಸೆಯ ಚೀಟಿ: ಕುಟುಂಬ ಯೋಜನೆಯ ಸಣ್ಣ ಚೀಟಿ, ಅದರ ಮೇಲೆ ಕಪ್ಪಗೆ 'ನಿರಾಶ್ರಿತರ ಪರಿಹಾರ' ಎಂದು ಅಚ್ಚು. 1971ರ ನವೆಂಬರ್ 15ರಿಂದ ಪೂರ್ವ ಬಂಗಾಳದ ನಿರಾಶ್ರಿತರಿಗಾಗಿ ಪತ್ರಗಳ ಮೇಲೆ ಸರ್ಕಾರ ಹಾಕಿದ ಐದು ಪೈಸೆ ತೆರಿಗೆ ಅದು. ಎರಡೂ ಚೀಟಿಯನ್ನು ಒಂದೇ ಏಟಿಗೆ ಹೊಡೆದ ಕುಂದಾಪುರದ ಮೊಹರು, ಡಿಸೆಂಬರ್ 1971. ವಿಳಾಸದಲ್ಲಿ ಹೈಸ್ಕೂಲು ಹುಡುಗಿಯ ಹಾಗೆ ದುಂಡಗೆ, ಸ್ಕೇಲು ಇಟ್ಟು ಬರೆದ ಇಂಗ್ಲಿಷ್ ಅಕ್ಷರಗಳಲ್ಲಿ: ಐಎನ್‌ಎಸ್ ರಣಜಿತ್. ನನ್ನ ಮಾವನ ಹಡಗಿನ ಒಡಹುಟ್ಟು.

ಅದರ ಮೂಲೆ ಕತ್ತರಿಸಿದರೆ ಏನು ಉಳಿಯುತ್ತಿತ್ತು ಹೇಳಿ. ಪೇಟೆಯಲ್ಲಿ ಐದು ರೂಪಾಯಿಗೂ ಬಾಳದ ಎರಡು ಚೀಟಿ. ಇಡಿಯಾಗಿದ್ದರೆ ಯುದ್ಧದ ತೆರಿಗೆ, ಊರು, ತಾರೀಖು, ಹಡಗು, ಹೊಸದಾಗಿ ಮದುವೆಯಾದವಳ ಕೈಬರಹ ಎಲ್ಲ ಒಂದೇ ಅಂಗೈ ಅಗಲದಲ್ಲಿ.

ಅಮ್ಮ ಪಾತ್ರೆ ಬಿಟ್ಟು ಬಂದು ಕನ್ನಡಕ ಹಾಕಿಕೊಂಡರು. ಬಹಳ ಹೊತ್ತು ಅದನ್ನೇ ನೋಡಿದರು. ಕೊಡಿ ಎಂದು ನಾನೂ ಕೇಳಲಿಲ್ಲ, ಕೊಡುತ್ತೇನೆ ಎಂದು ಅವರೂ ಅನ್ನಲಿಲ್ಲ. ಲಕೋಟೆಯ ಫೋಟೊ ತೆಗೆದುಕೊಳ್ಳಲೇ ಅಂದೆ. "ಹೊರ್ಗಿಂದ್ ಎಷ್ಟ್ ಬೇಕಾರೂ ತೆಗೀನಿ. ಒಳ್ಗಿನ್ ಕಾಗ್ದ ಓದೂಕಿಲ್ಲ" ಅಂದರು. ಸಂಗ್ರಾಹಕರಿಗೆ ಇದಕ್ಕಿಂತ ಒಳ್ಳೆಯ ಕರಾರು ನಾನು ಕೇಳಿಲ್ಲ.

ಆದ್ದರಿಂದ ಸಂಪಾದಕರೇ, ಮುಂದಿನ ಭಾನುವಾರ ಮಕ್ಕಳ ಪುಟದಲ್ಲಿ ಒಂದು ತಿದ್ದುಪಡಿ ಹಾಕಿ. ಲಕೋಟೆಯನ್ನು ಕತ್ತರಿಸಬಾರದು, ನೀರಿಗೆ ಹಾಕಬಾರದು. ಒಳಗಿನ ಪತ್ರವನ್ನೂ ಲಕೋಟೆಯನ್ನೂ ಬೇರೆ ಮಾಡಬಾರದು. ಸೆಲೋಟೇಪು ಹಚ್ಚಿದರೆ ಹತ್ತು ವರ್ಷದಲ್ಲಿ ಕಂದು ಕಲೆ, ರಬ್ಬರ್ ಬ್ಯಾಂಡ್ ಸುತ್ತಿದರೆ ಕರಗಿ ಮೆತ್ತಿಕೊಳ್ಳುತ್ತದೆ, ದಪ್ಪ ಪ್ಲಾಸ್ಟಿಕ್ಕಿನ ಫೈಲಿಗೆ ಹಾಕಿದರೆ ಮುಂಬಯಿ ಮಳೆಗಾಲದಲ್ಲಿ ಶಾಯಿ ಅದಕ್ಕೆ ಅಂಟುತ್ತದೆ. ಬಟರ್ ಪೇಪರಿನಲ್ಲಿಟ್ಟು ಕಬ್ಬಿಣದ ಕಪಾಟಿನಲ್ಲಿ ನಿಲ್ಲಿಸಿ, ಜೂನಿಗೆ ಮೊದಲೊಮ್ಮೆ ದಸರೆಗೊಮ್ಮೆ ನೆರಳಿನಲ್ಲಿ ಗಾಳಿಗಿಡಿ. ಯಾರು ಯಾರಿಗೆ ಬರೆದದ್ದು ಎಂದು ಮನೆಯ ಹಿರಿಯರನ್ನು ಈಗಲೇ ಕೇಳಿ ಬೇರೆ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ. ಮಕ್ಕಳಿಗೆ ಟಿಕೀಟೇ ಬೇಕೆಂದರೆ ಕರೆಂಟು ಬಿಲ್ಲಿನ ಕವರು ಕೊಡಿ, ಅದರ ಮೇಲೆ ಈಗ ಅದೂ ಇರುವುದಿಲ್ಲ ಅನ್ನುವುದು ಬೇರೆ ಮಾತು.

ಕೊನೆಗೆ ನನ್ನದೊಂದು ಸ್ವಾರ್ಥ. 1971ರ ಡಿಸೆಂಬರಿಗೋ 1972ರ ಜನವರಿಗೋ ರಜಪೂತದಿಂದ ಮನೆಗೆ ಬಂದ ಪತ್ರ ನಿಮ್ಮ ಓದುಗರಲ್ಲಿ ಯಾರ ಬಳಿಯಾದರೂ ಉಳಿದಿದ್ದರೆ ನಿಮ್ಮ ಪತ್ರಿಕೆಗೆ ಒಂದು ಸಾಲು ಬರೆಯಲಿ. ಕೊಳ್ಳುವುದಿಲ್ಲ, ಕೇಳುವುದಿಲ್ಲ, ಒಳಗಿನದನ್ನು ಓದುವುದಿಲ್ಲ. ಆ ನೇರಳೆ ಠಸ್ಸೆಯಲ್ಲಿ ಹಡಗಿನ ಹೆಸರು ಮೇಲುಗಡೆ ಇತ್ತೋ ನಡುವೆ ಇತ್ತೋ, ಸುತ್ತ ಒಂದು ಗೆರೆಯೋ ಎರಡೋ, ನನಗೆ ನೆನಪಾಗುತ್ತಿಲ್ಲ. ಒಮ್ಮೆ ನೋಡಬೇಕು.

ಇತಿ,
ನಿವೃತ್ತ ಬ್ಯಾಂಕ್ ನೌಕರ,
ಡೊಂಬಿವಿಲಿ ಪೂರ್ವ